ಮಧುಮೇಹಿಯ ಆತ್ಮರಕ್ಷಣೆಯೂ ಕರ್ತವ್ಯವೂ

2020ನೆಯ ಇಸವಿಯ ಮಾರ್ಚ್ ತಿಂಗಳಿಂದ ಮೊದಲ್ಗೊಂಡು ಎರಡು ವರ್ಷಗಳಿಗೂ ಮಿಗಿಲಾಗಿ ಕೋವಿಡ್ ಎಂಬ ಜಾಡ್ಯವು ಲೋಕವನ್ನೆಲ್ಲ ಆವರಿಸಿದ್ದಾಗ, ಯಾರಾದರೊಬ್ಬರು ತೀರಿಕೊಂಡರೆಂಬ ವಾರ್ತೆ ಮನೆಗೆ ಮುಟ್ಟಿದೊಡನೆಯೇ ಕೇಳಿಬರುತ್ತಿದ್ದ ಮೊದಲ ಪ್ರಶ್ನೆಯು 'ಪಾಪ, ಮಕ್ಕಳೆಷ್ಟು?' ಎಂಬುದಾಗಿರಲಿಲ್ಲ, 'ಅವರಿಗೆ ಸಕ್ಕರೆ ಕಾಯಿಲೆ ಇತ್ತೆ?' ಎಂಬುದಾಗಿತ್ತು. ಇತ್ತೆಂಬ ಉತ್ತರ ಬಂದರೆ ಕೇಳಿದವರಿಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಸತ್ತವನ ಸಾವಿಗೆ ಕಾರಣವು ಸತ್ತವನಲ್ಲಿಯೇ ಇತ್ತು, ಆ ಕಾರಣವಿಲ್ಲದ ತಮಗೆ ಭಯವಿಲ್ಲ, ಎಂಬುದು ಆ ಸಮಾಧಾನದ ಒಳತಿರುಳು. ಭಯದಲ್ಲಿ ಮನುಷ್ಯನು ಇಂಥ ಆಧಾರಗಳನ್ನು ಹುಡುಕುವುದು ಸಹಜವೇ ಸರಿ. ಆದರೆ ಅದೇ ಮಾತು ಅದೇ ಕಾಯಿಲೆಯುಳ್ಳವನಾಗಿ ಪಕ್ಕದ ಕೋಣೆಯಲ್ಲಿ ಕುಳಿತು, ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾಗಿದ್ದ ಮನುಷ್ಯನ ಕಿವಿಗೂ ಬೀಳುತ್ತಿತ್ತು. ಅವನು ಹೊರಡಬೇಕೆ, ಮನೆಯಲ್ಲಿ ನಿಲ್ಲಬೇಕೆ? ನಿಂತರೆ ಅದು ಹೇಡಿತನವೆ? ಹೊರಟರೆ ಅದು ಧೈರ್ಯವೆ, ಅವಿವೇಕವೆ? ಈ ನಿರ್ಣಯವನ್ನು ಮಾಡಬೇಕಾದವರು ಯಾರು? ಆ ಕಾಲವು ಕಳೆದು, ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿದ್ದರೂ, ಈ ಪ್ರಶ್ನೆಗಳಿಗೆ ಮಾತ್ರ ಇನ್ನೂ ಸರಿಯಾದ ವಿಚಾರಣೆ ನಡೆದಿಲ್ಲ.

ಮೊದಲು ರೋಗದ ಸ್ವರೂಪವನ್ನು ಅರಿಯತಕ್ಕದ್ದು. ಮಧುಮೇಹವು ಈ ದೇಶಕ್ಕೆ ಹೊಸದಲ್ಲ. ಚರಕನು ಪ್ರಮೇಹಗಳನ್ನು ಇಪ್ಪತ್ತು ಬಗೆಯಾಗಿ ಎಣಿಸಿ, ಮಧುಮೇಹವನ್ನು ವಾತದಿಂದಾಗುವವುಗಳಲ್ಲಿ ಸೇರಿಸಿದ್ದಾನೆ. ಮೇದೋಜೀರಕ ಗ್ರಂಥಿಯಿಂದ ಒಸರುವ ಇನ್ಸುಲಿನ್ ಎಂಬ ದ್ರವ್ಯವು ಇಲ್ಲವಾದರೆ, ಅಥವಾ ಇದ್ದೂ ದೇಹವು ಅದಕ್ಕೆ ಕಿವಿಗೊಡದೆ ಹೋದರೆ, ರಕ್ತದಲ್ಲಿ ಸಕ್ಕರೆಯು ಏರುತ್ತದೆಂಬುದು ಆಧುನಿಕ ವೈದ್ಯರ ನಿರ್ಣಯ. ಹೊರಗಿನಿಂದ ಯಾವುದಾದರೊಂದು ಸೋಂಕು ದೇಹವನ್ನು ಹೊಕ್ಕಾಗ, ಅದರೊಡನೆ ಹೋರಾಡಲು ದೇಹವು ಹೊರಡಿಸುವ ಇತರ ರಸಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಏರಿದ ಸಕ್ಕರೆಯು ಹೋರಾಡುವ ಶಕ್ತಿಯನ್ನೇ ಕುಂದಿಸುತ್ತದೆ. ಎರಡು ಜಾಡ್ಯಗಳು ಒಂದಕ್ಕೊಂದು ಕೈಗೊಡುವ ಬಗೆ ಇದು. ಮಧುಮೇಹಿಗೆ ವೈರಾಣು ಹೆಚ್ಚು ಸುಲಭವಾಗಿ ಅಂಟುತ್ತದೆಂದಲ್ಲ. ಅಂಟಿದ ಮೇಲೆ ಅದು ಉಗ್ರವಾಗುವ ಸಂಭವ ಹೆಚ್ಚು, ಅದರಲ್ಲಿಯೂ ಸಕ್ಕರೆಯು ಹತೋಟಿ ತಪ್ಪಿದವರಲ್ಲಿ ಹೆಚ್ಚು. ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳ ಮೊದಲ ಭಾಗದವರೆಗೆ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಮಡಿದವರನ್ನು ಲೆಕ್ಕ ಹಾಕಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ಮಧುಮೇಹಿಗಳೆಂದು ಕಂಡುಬಂದಿತು. ಉಳಿದ ಎರಡು ಪಾಲಿನವರಿಗೆ ಮಧುಮೇಹವಿರಲಿಲ್ಲವೆಂಬುದನ್ನು, ಮೇಲೆ ಹೇಳಿದ ಪ್ರಶ್ನೆಯನ್ನು ಕೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದವರು ಗಮನಿಸಿದಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಈ ದೇಶದ ಮಧುಮೇಹಿಗಳ ಸಂಖ್ಯೆಯು ಹತ್ತು ಕೋಟಿಯನ್ನು ದಾಟಿದೆ. ಹತ್ತು ಕೋಟಿ ಜನರನ್ನು ಅಪವಾದವೆಂದು ಬದಿಗಿಡಲು ಯಾವ ನ್ಯಾಯದಿಂದಲೂ ಸಾಧ್ಯವಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ಒಂದು ಅಧ್ಯಾಯವುಂಟು. ಪಾಂಚಾಲದೇಶದ ಕಾಂಪಿಲ್ಯದಲ್ಲಿ, ಗಂಗಾತೀರದಲ್ಲಿ, ಗ್ರೀಷ್ಮದ ಕಡೆಯ ದಿನಗಳಲ್ಲಿ ಆತ್ರೇಯನು ಶಿಷ್ಯರೊಡನೆ ಸಂಚರಿಸುತ್ತಿರುವಾಗ ಅಗ್ನಿವೇಶನು ಅವನನ್ನು ಪ್ರಶ್ನಿಸುತ್ತಾನೆ: ಪ್ರಕೃತಿಯಲ್ಲಿಯೂ ಆಹಾರದಲ್ಲಿಯೂ ಬಲದಲ್ಲಿಯೂ ವಯಸ್ಸಿನಲ್ಲಿಯೂ ಒಬ್ಬನಂತೆ ಒಬ್ಬನಿಲ್ಲದ ಜನರು, ಒಂದೇ ಕಾಲದಲ್ಲಿ ಒಂದೇ ವ್ಯಾಧಿಯಿಂದ ಹೇಗೆ ನಾಶವಾಗುತ್ತಾರೆ? ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಇವು ಕೆಟ್ಟರೆ ಎಲ್ಲರೂ ಕೆಡುತ್ತಾರೆ, ಎಂದು ಗುರುವಿನ ಉತ್ತರ. ಕೋವಿಡ್ ಕಾಲದಲ್ಲಿ ಅಗ್ನಿವೇಶನ ಪ್ರಶ್ನೆಯು ತಲೆಕೆಳಗಾಯಿತೆನ್ನಬಹುದು. ಎಲ್ಲರೂ ಉಸಿರಾಡಿದ ಗಾಳಿಯು ಒಂದೇ ಆಗಿದ್ದಾಗಲೂ ಒಬ್ಬನು ಮೂರು ದಿನ ಮಲಗಿ ಎದ್ದನು, ಇನ್ನೊಬ್ಬನು ಏಳಲೇ ಇಲ್ಲ, ಇದೇಕೆ? ದೇಹಬಲದ ಭೇದವು ಇದಕ್ಕೆ ಅರ್ಧ ಉತ್ತರವೇ ಹೊರತು ಪೂರ್ತಿ ಉತ್ತರವಲ್ಲ. ಆ ಗಾಳಿಯನ್ನು ಯಾರು ಎಷ್ಟು ಹೊತ್ತು, ಎಂಥ ಇಕ್ಕಟ್ಟಿನಲ್ಲಿ, ಯಾರ ಆಜ್ಞೆಯಿಂದ ಉಸಿರಾಡಬೇಕಾಯಿತೆಂಬುದರಲ್ಲಿ ಮಿಕ್ಕ ಅರ್ಧವಿದೆ. ಆತ್ರೇಯನೂ ಅಲ್ಲಿಗೇ ಬರುತ್ತಾನೆ. ಆ ನಾಲ್ಕು ಕೆಡುವುದಕ್ಕೆ ಮೂಲವು ಅಧರ್ಮವೆಂದು ಹೇಳಿ, ಆ ಅಧರ್ಮವನ್ನು ಅವನು ಮೊದಲು ತೋರಿಸುವುದು ದೇಶ, ನಗರ, ವರ್ತಕರ ಸಂಘ, ಜನಪದ ಇವುಗಳ ಮುಖ್ಯಸ್ಥರಲ್ಲಿ. ವೈರಾಣುವು ಅಧರ್ಮದಿಂದ ಹುಟ್ಟಿತೆಂದು ಇಂದು ಯಾರೂ ಹೇಳುವುದಿಲ್ಲ, ಹೇಳಲೂ ಬಾರದು. ಆದರೆ ಅದರ ಪೆಟ್ಟು ಯಾರ ಮೇಲೆ ಎಷ್ಟು ಬಿತ್ತೆಂಬುದರಲ್ಲಿ ಮುಖ್ಯಸ್ಥರ ನಡತೆಗೆ ಪಾಲಿಲ್ಲವೆಂದು ಹೇಳುವುದೂ ಕಷ್ಟ.

ಈಗ ಪೂರ್ವಪಕ್ಷವನ್ನು ಕೇಳೋಣವಾಗಲಿ. ಕರ್ತವ್ಯವಾದಿಗಳು ಹೀಗೆನ್ನುತ್ತಾರೆ: ಸುಖಕಾಲದಲ್ಲಿ ಸಂಬಳ ತೆಗೆದುಕೊಂಡವನು ಕಷ್ಟಕಾಲದಲ್ಲಿ ಹಿಂಜರಿಯಬಾರದು, ದಾದಿಯು ವಾರ್ಡನ್ನು, ಕಂಡಕ್ಟರನು ಬಸ್ಸನ್ನು, ಪೌರಕಾರ್ಮಿಕನು ಬೀದಿಯನ್ನು ಬಿಟ್ಟರೆ ಸಮಾಜದ ಗತಿಯೇನು? ಮಧುಮೇಹವಿರುವವರೆಲ್ಲರೂ ಮನೆಯಲ್ಲಿ ಕುಳಿತರೆ ಆಸ್ಪತ್ರೆಗಳ ಬಾಗಿಲು ತೆರೆಯುವವರಾರು? ಇದಕ್ಕೆ ಪ್ರತಿಯಾಗಿ ಪ್ರಾಣವಾದಿಗಳು ಮಹಾಭಾರತದ ಶಾಂತಿಪರ್ವವನ್ನು ಮುಂದಿಡುತ್ತಾರೆ. ಹನ್ನೆರಡು ವರ್ಷಗಳ ಕ್ಷಾಮದಲ್ಲಿ ವಿಶ್ವಾಮಿತ್ರನು ಚಂಡಾಲನ ಮನೆಯಿಂದ ನಾಯಿಯ ಮಾಂಸವನ್ನು ಕದಿಯಹೋದಾಗ, ಬದುಕಿದ್ದರೆ ಮುಂದೆ ಧರ್ಮವನ್ನು ಆಚರಿಸಬಹುದೆಂದು ತಾನೇ ವಾದಿಸಿ, ತಡೆಯಬಂದ ಚಂಡಾಲನೊಡನೆ ಚರ್ಚೆ ಮಾಡುತ್ತಾನೆ. ಬ್ರಹ್ಮರ್ಷಿಗೇ ಪ್ರಾಣವು ಅಷ್ಟು ದೊಡ್ಡದಾದರೆ, ಗುಮಾಸ್ತನೊಬ್ಬನಿಗೆ ಅದು ಚಿಕ್ಕದೆಂದು ಹೇಳುವುದು ಹೇಗೆ?

ಎರಡು ವಾದಗಳಲ್ಲಿಯೂ ಒಂದು ಸಮಾನದೋಷವಿದೆ. ಮಧುಮೇಹಿಯು ಒಬ್ಬಂಟಿಗನೆಂದೂ, ತಕ್ಕಡಿಯನ್ನು ಅವನೊಬ್ಬನೇ ಹಿಡಿದು ಒಂದು ಕಡೆ ತನ್ನ ಪ್ರಾಣವನ್ನೂ ಇನ್ನೊಂದು ಕಡೆ ಲೋಕದ ಹಿತವನ್ನೂ ಇಟ್ಟು ತೂಗಬೇಕೆಂದೂ ಎರಡೂ ಭಾವಿಸುತ್ತವೆ. ದೇಹವೇ ಧರ್ಮಕ್ಕೆ ಮೊದಲನೆಯ ಸಾಧನವೆಂಬ ಅಭಿಪ್ರಾಯದ ಕಾಳಿದಾಸನ ಮಾತನ್ನು ಎಲ್ಲರೂ ಬಲ್ಲರು. ವ್ಯಾಯಾಮಶಾಲೆಯ ಗೋಡೆಯ ಮೇಲೂ ಔಷಧದಂಗಡಿಯ ಪಂಚಾಂಗದ ಮೇಲೂ ಅದನ್ನು ಬರೆಸಿರುತ್ತಾರೆ. ಆದರೆ ಆ ಮಾತನ್ನು ಯಾರು ಯಾರಿಗೆ ಹೇಳಿದರೆಂಬುದನ್ನು ಬಹುಮಂದಿ ಮರೆತಿದ್ದಾರೆ. ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿಯು ಉಗ್ರವಾದ ತಪಸ್ಸಿನಲ್ಲಿರುವಾಗ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಅವಳ ಕುಶಲವನ್ನು ವಿಚಾರಿಸುತ್ತಾನೆ. ಸಮಿತ್ತು, ದರ್ಭೆ ಸುಲಭವಾಗಿ ದೊರೆಯುತ್ತಿವೆಯೆ? ಸ್ನಾನಕ್ಕೆ ತಕ್ಕ ನೀರಿದೆಯೆ? ತಪಸ್ಸು ನಿನ್ನ ಶಕ್ತಿಗೆ ತಕ್ಕಷ್ಟೇ ನಡೆಯುತ್ತಿದೆಯೆ? ಎಂದು ಕೇಳಿದ ಮೇಲೆ ಬರುವ ಮಾತು ಅದು. ತಪಸ್ವಿನಿಯು ತನ್ನ ಪರವಾಗಿ ಹೂಡಿದ ವಾದವಲ್ಲ. ಹೊರಗಿನಿಂದ ಬಂದವನು ಅವಳ ಪರವಾಗಿ ಎತ್ತಿದ ಕಾಳಜಿ. ಪಾರ್ವತಿಯು ಅದನ್ನು ಯಾಚಿಸಲಿಲ್ಲ; ತಪಸ್ಸಿನಿಂದ ವಿನಾಯಿತಿ ಬೇಕೆಂದು ಅರ್ಜಿ ಹಾಕಲಿಲ್ಲ. ಮತ್ತು ಶಿವನು ಮೊದಲು ಕೇಳಿದ್ದು ಸಾಧನಸಾಮಗ್ರಿಗಳನ್ನು, ಆಮೇಲೆ ಶಕ್ತಿಯನ್ನು. ಮುಖಗವಸು ಇದೆಯೆ, ಕೈತೊಳೆಯಲು ನೀರಿದೆಯೆ, ಹೊತ್ತಿಗೆ ಸರಿಯಾಗಿ ಊಟಮಾಡಲು ಬಿಡುವಿದೆಯೆ, ಈ ಕೆಲಸ ನಿನ್ನ ದೇಹಕ್ಕೆ ತಡೆಯುತ್ತದೆಯೆ ಎಂದು ಯಜಮಾನನು ನೌಕರನನ್ನು ತಾನಾಗಿ ಕೇಳುವುದು ಇದೇ ಕುಶಲಪ್ರಶ್ನೆಯ ಕ್ರಮ.

ಕೇಳುವವರಿಲ್ಲದೆಡೆಯಲ್ಲಿ ರೋಗಿಯು ರೋಗವನ್ನು ಬಚ್ಚಿಡುತ್ತಾನೆ. ಮದುವೆಯ ಮಾತುಕತೆಯಲ್ಲಿ, ನೌಕರಿಯ ಸಂದರ್ಶನದಲ್ಲಿ, ಬಡ್ತಿಯ ಕಾಲದಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವುದು ಈ ನಾಡಿನ ವಿದ್ಯಾವಂತ ಕುಟುಂಬಗಳಲ್ಲಿಯೂ ಅಪರೂಪವಲ್ಲ. ಕಚೇರಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುವವರಿದ್ದಾರೆ. 2021ರ ಮಾರ್ಚ್ 1ರಿಂದ ಲಸಿಕೆಯನ್ನು ಅರುವತ್ತು ದಾಟಿದವರಿಗೂ, ನಲವತ್ತೈದರಿಂದ ಐವತ್ತೊಂಬತ್ತರವರೆಗಿನ ವಯಸ್ಸಿನ ರೋಗಪೀಡಿತರಿಗೂ ಕೊಡತೊಡಗಿದಾಗ ಒಂದು ವಿಚಿತ್ರವು ನಡೆಯಿತು. ಹತ್ತು ವರ್ಷ ಮೀರಿದ ಅಥವಾ ತೊಡಕುಗಳುಳ್ಳ ಮಧುಮೇಹವೂ, ಅದರೊಡನೆ ಚಿಕಿತ್ಸೆಯಲ್ಲಿರುವ ರಕ್ತದೊತ್ತಡವೂ ಇರುವವರೆಂದು ವೈದ್ಯನು ಸಹಿ ಮಾಡಿದ ಪತ್ರವನ್ನು ತೋರಿಸಬೇಕಾಗಿತ್ತು. ಅದುವರೆಗೆ ಮುಚ್ಚಿಟ್ಟುದನ್ನು ಈಗ ಬಿಚ್ಚಿ ತೋರಿಸಿದವನಿಗೆ ರಕ್ಷಣೆ. ಒಂದೇ ತಿಂಗಳಲ್ಲಿ, ಏಪ್ರಿಲ್ 1ರಿಂದ, ನಲವತ್ತೈದು ದಾಟಿದ ಎಲ್ಲರಿಗೂ ಲಸಿಕೆಯನ್ನು ತೆರೆದದ್ದರಿಂದ ಆ ವಯಸ್ಸಿನವರ ಮಟ್ಟಿಗೆ ಈ ಸಂಕಟ ನಿವಾರಣೆಯಾಯಿತು. ಆದರೂ ಆ ಒಂದು ತಿಂಗಳಲ್ಲಿ ಪತ್ರಕ್ಕಾಗಿ ವೈದ್ಯನ ಬಾಗಿಲಿಗೆ ಹೋಗಲು ನಾಚಿ ಹಿಂತಿರುಗಿದವರನ್ನು ಸುಳ್ಳುಗಾರರೆಂದು ಜರೆಯುವುದು ನ್ಯಾಯವಲ್ಲ. ಸತ್ಯವನ್ನು ಹೇಳಿದವನು ನಷ್ಟಪಡದಂತಹ ಏರ್ಪಾಡನ್ನು ಮಾಡದೆ, ಸತ್ಯವನ್ನೇ ಹೇಳೆಂದು ಒತ್ತಾಯಿಸುವುದರಲ್ಲಿ ನೀತಿಗಿಂತ ದರ್ಪವು ಹೆಚ್ಚು.

ಸರಕಾರದ ಆಜ್ಞೆಗಳಲ್ಲಿ ಕರುಣೆಯಿರಲಿಲ್ಲವೆಂದಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರದ ಗೃಹಮಂತ್ರಾಲಯವು ಹೊರಡಿಸಿದ ನಿರ್ದೇಶಗಳಲ್ಲಿ, ಅರುವತ್ತೈದು ದಾಟಿದವರೂ ಬೇರೆ ರೋಗಗಳುಳ್ಳವರೂ ಗರ್ಭಿಣಿಯರೂ ಹತ್ತರೊಳಗಿನ ಮಕ್ಕಳೂ ಅವಶ್ಯಕಾರ್ಯ ಮತ್ತು ಚಿಕಿತ್ಸೆಗಳಿಗೆ ಹೊರತು ಮನೆಯಲ್ಲಿಯೇ ಇರತಕ್ಕದ್ದೆಂದು ಬರೆದಿತ್ತು. ಮಾರ್ಚ್ 29ರ ಇನ್ನೊಂದು ಆಜ್ಞೆಯು, ಬೀಗಮುದ್ರೆಯ ಕಾಲದಲ್ಲಿ ಕೆಲಸಗಾರರ ಕೂಲಿಯನ್ನು ಕಡಿತವಿಲ್ಲದೆ ಕೊಡಬೇಕೆಂದು ವಿಧಿಸಿತ್ತು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಪೂರ್ಣವಾಗುತ್ತಿತ್ತು: ಮನೆಯಲ್ಲಿರು, ನಿನ್ನ ಅನ್ನಕ್ಕೆ ಕುಂದಿಲ್ಲ. ಆದರೆ ಮೇ 17ರ ಆಜ್ಞಾಪತ್ರವು ರೋಗವುಳ್ಳವರು ಮನೆಯಲ್ಲಿರಬೇಕೆಂಬ ವಾಕ್ಯವನ್ನು ಉಳಿಸಿಕೊಂಡು, ಕೂಲಿಯ ಆಜ್ಞೆಯನ್ನು ಮರುದಿನದಿಂದ ರದ್ದಾಗಗೊಟ್ಟಿತು. ಕೂಲಿಯ ವಿಷಯದಲ್ಲಿ ಸಣ್ಣ ಕಾರ್ಖಾನೆಯವರಿಗೂ ಕಷ್ಟವಿತ್ತು, ನ್ಯಾಯಾಲಯದಲ್ಲಿ ವ್ಯಾಜ್ಯವೂ ನಡೆದಿತ್ತು; ಅದೆಲ್ಲವನ್ನೂ ಒಪ್ಪಬಹುದು. ಆದರೂ ಹೊಲಿಗೆಯ ಕಾರ್ಖಾನೆಯಲ್ಲಿ ದುಡಿಯುವ ಮಧುಮೇಹಿ ಹೆಂಗಸಿಗೆ ಆ ಒಂದೇ ಕಾಗದವು ಹೇಳಿದ್ದೇನು? ಮನೆಯಲ್ಲಿರು, ಮನೆಯಲ್ಲಿ ಏನು ತಿನ್ನುವಿಯೆಂಬುದು ನಿನಗೆ ಬಿಟ್ಟದ್ದು. ಮಧುಮೇಹಿಗೆ ಆಹಾರವೇ ಅರ್ಧ ಔಷಧ. ಕೂಲಿ ನಿಂತ ಮನೆಯಲ್ಲಿ ಮೊದಲು ಮರೆಯಾಗುವುದು ತರಕಾರಿಯೂ ಬೇಳೆಯೂ. ಉಳಿಯುವುದು ಪಡಿತರದ ಅಕ್ಕಿಯ ಅನ್ನ. ಸೋಂಕಿನಿಂದ ತಪ್ಪಿಸಿಕೊಳ್ಳಲು ಮನೆಯಲ್ಲಿ ಕುಳಿತವಳಿಗೆ ಆ ತಟ್ಟೆಯಿಂದಲೇ ಸಕ್ಕರೆ ಏರುತ್ತದೆ.

ಶ್ರೀಹರ್ಷನ ನಾಗಾನಂದನಾಟಕದ ಪ್ರಸಂಗವೊಂದು ಇಲ್ಲಿ ನೆನಪಿಗೆ ಬರತಕ್ಕದ್ದು. ಗರುಡನು ನಾಗಕುಲವನ್ನೇ ಮುಗಿಸಿಬಿಡುವನೆಂಬ ಭಯದಿಂದ ನಾಗರಾಜನಾದ ವಾಸುಕಿಯು ಅವನೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ: ದಿನಕ್ಕೊಂದು ನಾಗನನ್ನು ತಾನೇ ಸರದಿಯಂತೆ ಕಳುಹಿಸಿಕೊಡುವುದು. ಶಂಖಚೂಡನೆಂಬವನ ಸರದಿ ಬಂದ ದಿನ, ಒಬ್ಬನೇ ಮಗನ ತಾಯಿಯ ಗೋಳನ್ನು ಕೇಳಿ ಜೀಮೂತವಾಹನನು ತನ್ನ ದೇಹವನ್ನೇ ವಧ್ಯಶಿಲೆಯ ಮೇಲಿಡುತ್ತಾನೆ. ಪಂಡಿತರೂ ಪ್ರೇಕ್ಷಕರೂ ಹೊಗಳುವುದು ಜೀಮೂತವಾಹನನ ತ್ಯಾಗವನ್ನು. ಹೊಗಳತಕ್ಕದ್ದೇ. ಆದರೆ ನಾಟಕದ ನೀತಿಯನ್ನು ಅಷ್ಟಕ್ಕೆ ನಿಲ್ಲಿಸಿದರೆ ವಾಸುಕಿಯು ಸುಲಭವಾಗಿ ತಪ್ಪಿಸಿಕೊಳ್ಳುತ್ತಾನೆ. ಸರದಿಯ ಪಟ್ಟಿಯನ್ನು ಬರೆದವನು ಅವನು. ಆ ಪಟ್ಟಿಯಲ್ಲಿ ಅವನ ಹೆಸರು ಬಂದಂತೆ ಕಾಣುವುದಿಲ್ಲ. ಜಾಡ್ಯದ ಕಾಲದಲ್ಲಿ ಚಪ್ಪಾಳೆ ತಟ್ಟಿ, ದೀಪ ಹಚ್ಚಿ, ಆಸ್ಪತ್ರೆಯವರನ್ನೂ ಪೌರಕಾರ್ಮಿಕರನ್ನೂ ಕೊಂಡಾಡಿದ ಸಮಾಜವು ಸದ್ಭಾವದಿಂದಲೇ ಹಾಗೆ ಮಾಡಿತು. ತ್ಯಾಗವನ್ನು ಮಾಡುವವನು ತಾನಾಗಿ ಮಾಡಿದರೆ ಅದಕ್ಕೆ ಸಮಾನವಾದುದಿಲ್ಲ. ಇನ್ನೊಬ್ಬನಿಂದ ಅದನ್ನು ನಿರೀಕ್ಷಿಸಿ, ಅವನು ಹಿಂಜರಿದರೆ ಹೇಡಿಯೆಂದು ಕರೆಯುವುದಾದರೆ, ಕೊಂಡಾಡಿದ ಆ ಮಾತೇ ಅವನ ಕೊರಳಿಗೆ ಬಿದ್ದ ಹಗ್ಗವಾಗುತ್ತದೆ. ಜೀಮೂತವಾಹನನನ್ನು ವಾಸುಕಿಯು ಕಳುಹಿಸಿದ್ದರೆ ಅದು ನಾಟಕವಾಗುತ್ತಿರಲಿಲ್ಲ, ಕೊಲೆಯಾಗುತ್ತಿತ್ತು.

ಹಾಗಾದರೆ ಮಧುಮೇಹಿಯು ಯಾವ ಕೆಲಸಕ್ಕೂ ಹೋಗಬಾರದೆಂಬುದು ಸಿದ್ಧಾಂತವೆ? ಅಲ್ಲ. ಹಾಗೆಂದರೆ ಅವನನ್ನು ಬದುಕಿರುವಾಗಲೇ ಲೆಕ್ಕದಿಂದ ಬಿಟ್ಟಂತೆ. ಮಧುಮೇಹಿಗಳಾದ ಎಷ್ಟೋ ಮಂದಿ ವೈದ್ಯರೂ ದಾದಿಯರೂ ಆ ದಿನಗಳಲ್ಲಿ ದುಡಿದರು. ಸೋಂಕು ತಗುಲಿದ ಮಧುಮೇಹಿಗಳಲ್ಲಿ ಬಹುಪಾಲಿನವರು ಗುಣವೂ ಹೊಂದಿದರು. ಈ ವಿಷಯದಲ್ಲಿ ಸುಶ್ರುತನ ವಿವೇಕವು ದೊಡ್ಡದು. ಚಿಕಿತ್ಸಾಸ್ಥಾನದಲ್ಲಿ ಅವನು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದೆಂದೂ ಅಪಥ್ಯದಿಂದ ಬಂದದ್ದೆಂದೂ ಎರಡಾಗಿ ವಿಂಗಡಿಸುತ್ತಾನೆ. ಸ್ಥೂಲನಾದ ರೋಗಿಗೆ ಕಠಿಣವಾದ ಶ್ರಮವನ್ನು ಹೇಳುತ್ತಾನೆ: ಹಣವಿಲ್ಲದವನು ಕೆರವೂ ಕೊಡೆಯೂ ಇಲ್ಲದೆ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಲಿ, ಇನ್ನೊಬ್ಬನು ಉಳಲಿ, ಇಲ್ಲವೆ ಬಾವಿಯನ್ನು ತೋಡಲಿ. ಆದರೆ ಇಷ್ಟನ್ನೂ ಹೇಳಿದ ಮೇಲೆ ಕೃಶನಾದ ರೋಗಿಯನ್ನು ಮಾತ್ರ ಯಾವಾಗಲೂ ಕಾಪಾಡಬೇಕೆಂದು ಸೇರಿಸುತ್ತಾನೆ. ರೋಗದ ಹೆಸರೊಂದೇ, ಒಬ್ಬನು ಬಾವಿ ತೋಡಬೇಕು, ಇನ್ನೊಬ್ಬನನ್ನು ಕಾಪಾಡಬೇಕು. ಹೆಸರನ್ನು ನೋಡಿ ಆಜ್ಞೆ ಮಾಡದೆ ಆಳನ್ನು ನೋಡಿ ಮಾಡುವ ಈ ಕ್ರಮವು ಕಚೇರಿಗಳಿಗೂ ಸಲ್ಲುತ್ತದೆ. ಸಕ್ಕರೆ ಹತೋಟಿಯಲ್ಲಿರುವ ಮೂವತ್ತರ ಉಪಾಧ್ಯಾಯನನ್ನೂ, ಮೂತ್ರಪಿಂಡ ಕೆಟ್ಟಿರುವ ಐವತ್ತೆಂಟರ ವಾರ್ಡ್ ಸೇವಕನನ್ನೂ 'ಮಧುಮೇಹಿಗಳು' ಎಂಬ ಒಂದೇ ಕಟ್ಟಿನಲ್ಲಿ ಕಟ್ಟಿದರೆ ಮೊದಲನೆಯವನಿಗೆ ಅವಮಾನ, ಎರಡನೆಯವನಿಗೆ ಅಪಾಯ. ಎರಡನೆಯವನನ್ನು ಜ್ವರದ ವಾರ್ಡಿನಿಂದ ತೆಗೆದು ಔಷಧದ ಉಗ್ರಾಣದಲ್ಲಿ ಕೂರಿಸಿದರೆ ಆಸ್ಪತ್ರೆಯು ಮುಳುಗುವುದಿಲ್ಲ. ಅವನೂ ಕೆಲಸದಿಂದ ಓಡಿದವನಾಗುವುದಿಲ್ಲ.

ಮಧುಮೇಹಿಯು ತನಗೆ ತಾನು ಸಲ್ಲಿಸಬೇಕಾದ ಋಣವೂ ಇದೆ. ಅದನ್ನು ಯಾವ ಸರಕಾರವೂ ಸಲ್ಲಿಸಲಾರದು. ಬೆಳಗ್ಗೆ ಎದ್ದು ಬೆರಳ ತುದಿಯ ರಕ್ತದಲ್ಲಿ ಸಕ್ಕರೆಯನ್ನು ನೋಡಿಕೊಳ್ಳುವುದೂ, ಮಾತ್ರೆಯನ್ನು ತಪ್ಪಿಸದಿರುವುದೂ ಹೇಳುವುದಕ್ಕೆ ಸುಲಭ, ನಲವತ್ತು ವರ್ಷ ಮಾಡುವುದಕ್ಕೆ ಕಠಿಣ. ಜ್ವರ ಬಂದು ಊಟ ಸೇರದಿದ್ದಾಗ ಹಲವರು ಇನ್ಸುಲಿನ್ನನ್ನೂ ನಿಲ್ಲಿಸುತ್ತಾರೆ. ಇದು ದೊಡ್ಡ ತಪ್ಪು. ಜ್ವರದಲ್ಲಿ ಊಟವಿಲ್ಲದೆಯೂ ಸಕ್ಕರೆ ಏರಬಹುದಾದ್ದರಿಂದ ವೈದ್ಯನನ್ನು ಕೇಳದೆ ಅದನ್ನು ಬಿಡಕೂಡದು. ಕೆಲವು ಮಾತ್ರೆಗಳನ್ನಾದರೋ ದೇಹದ ನೀರು ಬತ್ತಿದಾಗ ವೈದ್ಯನೇ ನಿಲ್ಲಿಸಹೇಳುವುದುಂಟು. ವ್ರತೋಪವಾಸಗಳ ನೆಪವೂ ಇಲ್ಲಿ ನಡೆಯುವುದಿಲ್ಲ. ವ್ರತವನ್ನು ಕೆಡಿಸದ ಎಂಟು ವಸ್ತುಗಳಲ್ಲಿ ಔಷಧವನ್ನೂ ಹಿರಿಯರು ಎಣಿಸಿದ್ದಾರೆ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಪರೀಕ್ಷೆಯೊಂದರಿಂದ, ಉಸಿರಾಟದ ಯಂತ್ರದ ಆಸರೆಯಲ್ಲಿದ್ದ ರೋಗಿಗಳ ಮರಣವು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧದಿಂದ ಮೂರನೆಯ ಒಂದರಷ್ಟು ಇಳಿಯಿತೆಂದು ತಿಳಿದುಬಂತು. ಆದರೆ ಅದು ಸ್ಟಿರಾಯ್ಡ್ ಜಾತಿಯದು. ಸಕ್ಕರೆಯನ್ನು ಏರಿಸುವ ಗುಣ ಅದರದು. ಆಮ್ಲಜನಕ ಬೇಡದ ರೋಗಿಗಳೂ ಅಂಥ ಔಷಧವನ್ನು ಮನೆಯಲ್ಲಿ ಮನಬಂದಂತೆ ನುಂಗಿದ 2021ರ ಬೇಸಗೆಯಲ್ಲಿ, ಕಪ್ಪು ಶಿಲೀಂಧ್ರವೆಂಬ ಭಯಂಕರ ಉಪದ್ರವವು ತಲೆಯೆತ್ತಿತು. ಅದಕ್ಕೆ ತುತ್ತಾದವರಲ್ಲಿ ಬಹುಮಂದಿ ಮಧುಮೇಹಿಗಳು. ಪ್ರಾಣ ಉಳಿಸಲು ಎಷ್ಟೋ ಮಂದಿಯ ಕಣ್ಣನ್ನೇ ತೆಗೆಯಬೇಕಾಯಿತು. ಕಾಪಾಡುವ ಔಷಧವೂ ಅಳತೆ ತಪ್ಪಿದರೆ ಏನಾಗುವುದೆಂಬುದನ್ನು ಆ ಬೇಸಗೆಯು ಕಲಿಸಿತು.

ರೋಗವನ್ನು ತಾನಾಗಿ ತಂದುಕೊಂಡನೆಂಬ ಅಪವಾದವು ಇನ್ನುಳಿದಿದೆ. ಕುಳಿತು ಸುಖಪಡುವುದೂ ಮಲಗಿ ಸುಖಪಡುವುದೂ ಪ್ರಮೇಹಕ್ಕೆ ಕಾರಣವೆಂದು ಚರಕನು ಹೇಳಿರುವುದುಂಟು. ಜನರು ಅದನ್ನು ಹಿಡಿದು, ರೋಗಿಯೇ ಅಪರಾಧಿಯೆಂದುಬಿಡುತ್ತಾರೆ. ಬೀಜದಿಂದಲೇ ಬರುವ ಬಗೆಯನ್ನು ಸುಶ್ರುತನು ಬೇರೆ ಹೇಳಿದ್ದನ್ನು ನೆನೆಯುವವರು ಕಡಿಮೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಮೊಟ್ಟಮೊದಲು ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ ಹದಿನಾಲ್ಕರ ಹುಡುಗ. ಅವನು ಯಾವ ಸುಖಾಸನದಲ್ಲಿ ಕುಳಿತು ಅದನ್ನು ಸಂಪಾದಿಸಿದ್ದನು? ಸಾವಿನ ಬಾಗಿಲಿನಿಂದ ಹಿಂತಿರುಗಿ ಇನ್ನೂ ಹದಿಮೂರು ವರ್ಷ ಬದುಕಿದ ಅವನು 1935ರಲ್ಲಿ ತೀರಿಕೊಂಡದ್ದು ನ್ಯುಮೋನಿಯಾದಿಂದ. ಮಧುಮೇಹವೂ ಶ್ವಾಸಕೋಶದ ಸೋಂಕೂ ಕೈಸೇರಿಸುವುದು ಅಂದಿಗೂ ಹೊಸದಾಗಿರಲಿಲ್ಲ. ಇನ್ನು ಅಪಥ್ಯದಿಂದಲೇ ಬಂದಿತೆನ್ನೋಣ. ಕೆರೆಯ ಕಟ್ಟೆಯಿಂದ ಕಾಲುಜಾರಿ ಬಿದ್ದವನನ್ನು ಎತ್ತುವ ಮೊದಲು, ನೋಡಿಕೊಂಡು ನಡೆದಿದ್ದನೆ ಎಂದು ವಿಚಾರಿಸುವ ಪದ್ಧತಿಯು ಯಾವ ಊರಿನಲ್ಲಿಯೂ ಇಲ್ಲ.

ಕರ್ನಾಟಕದಲ್ಲಿ 2020ರ ಬೇಸಗೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೂ ಹೋಗಿ, ವೃದ್ಧರೆಷ್ಟು, ಸಕ್ಕರೆ ಕಾಯಿಲೆಯವರೆಷ್ಟು, ರಕ್ತದೊತ್ತಡದವರೆಷ್ಟು ಎಂದು ಕೇಳಿ ಬರೆದುಕೊಂಡರು. ಸತ್ತ ಮೇಲೆ ಕೇಳುತ್ತಿದ್ದ ಪ್ರಶ್ನೆಯನ್ನು ಬದುಕಿರುವಾಗ ಕೇಳಿದವರು ಅವರು. ಕೆಲವರು ಉತ್ತರ ಕೊಟ್ಟರು, ಕೆಲವರು ಬಾಗಿಲು ಹಾಕಿದರು. ಆ ವರ್ಷದ ಜುಲೈ ತಿಂಗಳಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸವನ್ನು ನಿಲ್ಲಿಸಿ, ತಿಂಗಳಿಗೆ 12,000 ರೂಪಾಯಿಗಳ ಗೌರವಧನವನ್ನೂ, ಮುಖಗವಸು ಮೊದಲಾದ ರಕ್ಷಣಾಸಾಮಗ್ರಿಯನ್ನೂ ಬೇಡಿದರು. ಅವರಲ್ಲಿಯೂ ನಲವತ್ತು ದಾಟಿದವರಿದ್ದರು, ಬೆಳಗ್ಗೆ ಮಾತ್ರೆ ನುಂಗಿ ಹೊರಟವರಿದ್ದರು. ಬೀದಿಯ ಕಡೆಯ ಮನೆ ತನ್ನದೇ ಆಗಿದ್ದರೆ, ಅಲ್ಲಿ ಸಕ್ಕರೆ ಕಾಯಿಲೆಯವರು ಯಾರಿದ್ದಾರೆಂದು ಕೇಳಬೇಕಾದವಳೂ, ಉತ್ತರ ಕೊಡಬೇಕಾದವಳೂ, ಬರೆದುಕೊಂಡು ಮುಂದಿನ ಬೀದಿಗೆ ನಡೆಯಬೇಕಾದವಳೂ ಅವಳೇ ಆಗಿದ್ದಳು.